ಆಗುಂಬೆ ಘಾಟಿ, ಎಥನಾಲ್ ಪೆಟ್ರೋಲ್ ಮತ್ತು ನನ್ನ ಹಳೆಯ 800

ನನ್ನ 1997ರ ಮಾರುತಿ 800 ಈಗ ಸೋಮೇಶ್ವರದಿಂದ ಆಗುಂಬೆಯವರೆಗಿನ ಹದಿನಾಲ್ಕು ತಿರುವುಗಳನ್ನು ನಾಲ್ಕು ಜನರನ್ನೂ ಒಂದು ಮೂಟೆ ಅಕ್ಕಿಯನ್ನೂ ಹೊತ್ತು ಒಂದೇ ಉಸಿರಿಗೆ ಹತ್ತುತ್ತದೆ. ಮೇಲೆ ಚಹಾಕ್ಕೆ ನಿಲ್ಲಿಸಿ, ಹತ್ತು ನಿಮಿಷ ಬಿಟ್ಟು ಕೀಲಿ ತಿರುಗಿಸಿದರೆ ಮೊದಲ ಸಲಕ್ಕೇ ಸ್ಟಾರ್ಟ್ ಆಗುತ್ತದೆ. ಕಾರ್ಬುರೇಟರ್ (ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸಿ ಇಂಜಿನಿಗೆ ಕೊಡುವ ಸಾಧನ) ಇರುವ 800 ಇಟ್ಟುಕೊಂಡವರಿಗೆ ಹತ್ತುವುದಕ್ಕಿಂತ ಈ ಬಿಸಿ ಸ್ಟಾರ್ಟಿಂಗ್ ಎಷ್ಟು ದೊಡ್ಡ ಮಾತೆಂದು ಗೊತ್ತಿರುತ್ತದೆ. ಇದನ್ನು ಬರೆಯುತ್ತಿರುವುದೂ ಅದಕ್ಕಾಗಿಯೇ.

ತೊಂದರೆ ಶುರುವಾದದ್ದು ಪೆಟ್ರೋಲಿನಲ್ಲಿ ಎಥನಾಲ್ ಪಾಲು ಶೇಕಡಾ 20ರತ್ತ ಏರಿದ ಮೇಲೆ. 2030ಕ್ಕೆ ಎಂದು ಇಟ್ಟುಕೊಂಡಿದ್ದ ಗುರಿಯನ್ನು ಸರಕಾರ 2025ಕ್ಕೇ ತಂದಿತು. ಹೊಸ ಕಾರುಗಳು ಅದಕ್ಕೆ ತಕ್ಕಂತೆ ತಯಾರಾಗಿವೆ; ನಮ್ಮ 796 ಸಿಸಿಯ ಮೂರು ಸಿಲಿಂಡರ್ ಗಾಡಿಯನ್ನು ಕೇಳಿದವರು ಯಾರೂ ಇಲ್ಲ. ಹೆಬ್ರಿಯಿಂದ ಉಡುಪಿಗೆ ಹೋಗುವಾಗ ಏನೂ ಗೊತ್ತಾಗುತ್ತಿರಲಿಲ್ಲ. ಘಾಟಿಯಲ್ಲಿ ಏಳೆಂಟನೆಯ ತಿರುವಿನ ಹೊತ್ತಿಗೆ ಮುಗ್ಗರಿಸುವುದು, ಆಕ್ಸಿಲರೇಟರ್ ಒತ್ತಿದಷ್ಟೂ ಸೊರಗುವುದು, ಕೊನೆಗೆ ನಿಂತೇಬಿಡುವುದು. ಅರ್ಧ ಗಂಟೆ ಬಾನೆಟ್ ತೆರೆದಿಟ್ಟರೆ ಏನೂ ಆಗಿಲ್ಲವೆಂಬಂತೆ ಹೊರಡುವುದು.

ಮೊದಲು ಒಯ್ದ ಗ್ಯಾರೇಜಿನವರು ಪಿಸ್ಟನ್ನಿನ ರಿಂಗ್ ಹೋಗಿದೆ, ಸಿಲಿಂಡರ್ ಬೋರ್ ಮಾಡಿಸಬೇಕು, ಮೂವತ್ತು ಸಾವಿರ ಇಟ್ಟುಕೊಳ್ಳಿ ಎಂದರು. ಕಂಪ್ರೆಶನ್ ನೋಡಿದ್ದೀರಾ ಎಂದು ಕೇಳಿದರೆ ನೋಡುವುದೇನು, ಇಪ್ಪತ್ತೈದು ದಾಟಿದ ಗಾಡಿಯಲ್ಲವೇ ಎಂಬ ಉತ್ತರ. ನಾನೇ ಗೇಜ್ ಹಾಕಿ ನೋಡಿದೆ: ಮೂರು ಸಿಲಿಂಡರಿನಲ್ಲೂ ಒತ್ತಡ 150 ಪಿಎಸ್‌ಐ ಆಸುಪಾಸು, ಹೆಚ್ಚು ಏರುಪೇರಿಲ್ಲ. ರಿಂಗ್ ಹೋಗಿದ್ದರೆ ಅಷ್ಟು ಬರುತ್ತಿರಲಿಲ್ಲ. ಎರಡನೆಯವರು ಕಾರ್ಬುರೇಟರ್ ಬದಲಿಸಿ ಎಂದು ಯಾವುದೋ ನಕಲಿ ಕಾರ್ಬುರೇಟರನ್ನು ಐದು ಸಾವಿರದ ಚಿಲ್ಲರೆಗೆ ಕೂರಿಸಿಕೊಟ್ಟರು. ಅದರ ಐಡ್ಲಿಂಗ್ (ಆಕ್ಸಿಲರೇಟರ್ ಒತ್ತದಾಗಿನ ಓಟ) ಒಂದು ದಿನವೂ ಸರಿಯಾಗಿ ನಿಲ್ಲಲಿಲ್ಲ. ತೆಗೆದು ಹಳೆಯದನ್ನೇ ಹಾಕಿಕೊಂಡೆ. ನಕಲಿಯದು ಈಗ ಮರದ ಪೆಟ್ಟಿಗೆಯಲ್ಲಿದೆ, ಬೇಕಾದವರು ಬಂದು ಒಯ್ಯಬಹುದು. ತೀರ್ಥಹಳ್ಳಿಯ ಭಾವ ಮಾತ್ರ ಪ್ರತಿ ಸಲವೂ ಅದೇ ಮಾತು: 'ಗುಜರಿಗೆ ಕೊಡಿ ಮಾರಾಯರೇ, ಇನ್ನೂ ಇಪ್ಪತ್ತೈದು ಸಾವಿರ ಬರುವಾಗಲೇ ಕೊಡಿ.'

ನನ್ನ ಕಸುಬು ಪಂಪ್‌ಸೆಟ್ ರಿವೈಂಡಿಂಗ್. ತೋಟದ ಪಂಪು ಗಾಳಿ ಹಿಡಿದರೆ ಮೋಟಾರ್ ಎಷ್ಟು ತಿರುಗಿದರೂ ನೀರೆತ್ತುವುದಿಲ್ಲ ಎಂಬುದನ್ನು ಮೂವತ್ತು ವರ್ಷದಿಂದ ನೋಡುತ್ತಿದ್ದೇನೆ. ಕಾರಿನ ಪೆಟ್ರೋಲ್ ಪಂಪು ಎಲ್ಲಿದೆ? ಸಿಲಿಂಡರ್ ಹೆಡ್ಡಿಗೇ ಅಂಟಿಕೊಂಡು, ಹೆಡ್ಡಿನಷ್ಟೇ ಬಿಸಿಯಾಗಿ. ಟ್ಯಾಂಕ್ ಎಲ್ಲಿದೆ? ಹಿಂದೆ, ಕೆಳಗೆ. ಅಷ್ಟುದ್ದ ಪೈಪಿನಲ್ಲಿ ಎಳೆದು ತರಬೇಕು, ಘಾಟಿಯಲ್ಲಿ ಮೂತಿ ಮೇಲಾದಾಗ ಇನ್ನೂ ಹೆಚ್ಚು. ಬಿಸಿಯಾದ ಪೆಟ್ರೋಲನ್ನು ಎಳೆದರೆ ಅದು ಪೈಪಿನಲ್ಲೇ ಆವಿಯಾಗುತ್ತದೆ, ಎಥನಾಲ್ ಬೆರೆತದ್ದಂತೂ ಇನ್ನೂ ಬೇಗ. ಪಾರದರ್ಶಕ ಫಿಲ್ಟರ್ ಹಾಕಿ ಹತ್ತಿಸಿದೆ. ಕಾರು ನಿಂತಾಗ ಫಿಲ್ಟರ್ ಮುಕ್ಕಾಲು ಖಾಲಿ. ಪಂಪಿನ ಮೇಲೆ ಒಂದು ಬಾಟಲಿ ನೀರು ಸುರಿದೆ, ಎರಡು ನಿಮಿಷದಲ್ಲಿ ಸ್ಟಾರ್ಟ್ ಆಯಿತು. ರಿಂಗಿನ ಕಥೆ ಅಲ್ಲಿಗೆ ಮುಗಿಯಿತು.

ಪರಿಹಾರವೂ ಬೋರ್‌ವೆಲ್ಲಿನದೇ: ಮೇಲಿಂದ ಎಳೆಯಬೇಡ, ಕೆಳಗಿಂದ ತಳ್ಳು. ಟ್ಯಾಂಕ್ ಪಕ್ಕದಲ್ಲಿ, ಅದರ ತಳಕ್ಕಿಂತ ತುಸು ಕೆಳಗೆ, ಒಂದು ವಿದ್ಯುತ್ ಪಂಪ್. ಗ್ಯಾರೇಜಿನವರಿಗೆ ಹೇಳಿದಾಗ ನಕ್ಕರು. ಅವರ ನಗುವಿಗೆ ಸ್ವಲ್ಪ ಕಾರಣವೂ ಇತ್ತು. ಬೇರೊಬ್ಬರು ಎಂಪಿಎಫ್‌ಐ (ಕಾರ್ಬುರೇಟರ್ ಬದಲು ಹೆಚ್ಚು ಒತ್ತಡದಲ್ಲಿ ಪೆಟ್ರೋಲ್ ಚಿಮ್ಮಿಸುವ) ಕಾರಿನ ಪಂಪ್ ಹಾಕಿ, ಅದರ ಒತ್ತಡಕ್ಕೆ ಕಾರ್ಬುರೇಟರಿನ ಸೂಜಿ ತಡೆಯದೆ ಪೆಟ್ರೋಲ್ ಎಲ್ಲ ಇಂಜಿನಿಗೆ ಗಾಳಿ ಒಯ್ಯುವ ಮ್ಯಾನಿಫೋಲ್ಡಿಗೆ ಇಳಿದಿತ್ತಂತೆ. ಕಾರ್ಬುರೇಟರಿಗೆ ಬೇಕಾದದ್ದು ಎರಡರಿಂದ ನಾಲ್ಕು ಪಿಎಸ್‌ಐ ಮಾತ್ರ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಮೊದಲು ತಂದ ಪಂಪ್ ಆರುನೂರು ರೂಪಾಯಿಯದು, ತಿಂಗಳೊಳಗೆ ಸತ್ತಿತು. ಎರಡನೆಯದಕ್ಕೆ ಸುಮಾರು ಸಾವಿರದ ನಾನೂರು ಕೊಟ್ಟೆ. ಟಿಕ್ ಟಿಕ್ ಎಂದು ಸದ್ದು ಮಾಡುತ್ತದೆ. ರಬ್ಬರ್ ಬುಷ್ ಮೇಲೆ ಕೂರಿಸಿದರೆ ಕಾರಿನೊಳಗೆ ಅಷ್ಟಾಗಿ ಕೇಳಿಸುವುದಿಲ್ಲ.

ಹಳೆಯ ಪಂಪನ್ನು ತೆಗೆದು, ಆ ಕಿಂಡಿಗೆ ಲೇತ್ ಅಂಗಡಿಯಲ್ಲಿ ಐದು ಮಿಲಿಮೀಟರ್ ಅಲ್ಯೂಮಿನಿಯಂ ತಟ್ಟೆ ಮಾಡಿಸಿ, ಗ್ಯಾಸ್ಕೆಟ್ ಸಮೇತ ಮುಚ್ಚಿದೆ. ಇರಲಿ ಬಿಡು ಎಂದು ಹಾಗೇ ಬಿಡಬೇಡಿ. ಅದರ ಡಯಾಫ್ರಾಮ್ (ಒಳಗಿನ ರಬ್ಬರ್ ಪರದೆ) ಹರಿದ ದಿನ ಟ್ಯಾಂಕ್ ಪಕ್ಕದ ಹೊಸ ಪಂಪು ಪೆಟ್ರೋಲನ್ನು ನೇರ ಇಂಜಿನ್ ಆಯಿಲ್‌ಗೆ ತಳ್ಳುತ್ತದೆ. ಟ್ಯಾಂಕಿಗೆ ಮರಳುವ ಪೈಪನ್ನು ಮುಚ್ಚದೆ, ಕಾರ್ಬುರೇಟರ್ ಹತ್ತಿರ ಟಿ (ಮೂರು ಬಾಯಿಯ ಪೈಪ್ ತುಂಡು) ಹಾಕಿ, ಸಣ್ಣ ರಂಧ್ರದ ತಡೆಯೊಂದಿಗೆ ಉಳಿಸಿಕೊಂಡೆ. ಬಿಸಿ ಪೆಟ್ರೋಲ್ ಒಂದೇ ಕಡೆ ನಿಲ್ಲದೆ ತಿರುಗುತ್ತಿರಬೇಕು. ಬಿಸಿ ಸ್ಟಾರ್ಟಿಂಗಿನ ಅರ್ಧ ಗುಟ್ಟು ಈ ಟಿ ಯಲ್ಲೇ ಇದೆ.

ವೈರಿಂಗಿನಲ್ಲಿ ಹುಷಾರು. ಕೀಲಿ ಹಾಕಿದಾಗಲೆಲ್ಲ ಓಡುವ ಪಂಪ್ ಅಪಘಾತವಾದರೆ ರಸ್ತೆಗೆ ಪೆಟ್ರೋಲ್ ಸುರಿಯುತ್ತದೆ. ಐದು ಕಾಲಿನ ರಿಲೇ (ವಿದ್ಯುತ್ತಿನಿಂದಲೇ ಬದಲಾಗುವ ಸ್ವಿಚ್) ತೆಗೆದುಕೊಂಡು, ಅದರ ಕಾಯಿಲನ್ನು ಇಗ್ನಿಷನ್ ಮತ್ತು ಆಯಿಲ್ ಪ್ರೆಶರ್ ಸ್ವಿಚ್ಚಿನ ನಡುವೆ ಕೊಟ್ಟು, ಪಂಪಿಗೆ ಕೀಲಿಯಿಂದ ಬರುವ ವಿದ್ಯುತ್ತನ್ನೇ 87ಎ ಕಾಲಿನಿಂದ (ರಿಲೇ ಸುಮ್ಮನಿದ್ದಾಗ ಕೂಡಿರುವ ಕಾಲು) ಎಳೆದಿದ್ದೇನೆ. ಆಯಿಲ್ ಒತ್ತಡ ಇಲ್ಲದಿದ್ದರೆ ರಿಲೇ ಎಳೆದುಕೊಂಡು ಪಂಪ್ ನಿಲ್ಲುತ್ತದೆ. ಇಂಜಿನ್ ತಿರುಗಿ ಕೆಂಪು ದೀಪ ಆರಿದರೆ ಪಂಪ್ ಓಡುತ್ತದೆ. ಬೆಳಗಿನ ಮೊದಲ ಸ್ಟಾರ್ಟಿಗೆ ಡ್ಯಾಶ್‌ಬೋರ್ಡ್ ಕೆಳಗೆ ಒಂದು ಒತ್ತುವ ಗುಂಡಿ. ನಡುವೆ ಫ್ಯೂಸ್ ಇರಲೇಬೇಕು. ಬೆಂಕಿ ನಂದಿಸುವ ಸಣ್ಣ ಸಿಲಿಂಡರನ್ನೂ ಸೀಟಿನ ಕೆಳಗೆ ಇಟ್ಟಿದ್ದೇನೆ, ಹೆಂಡತಿಯ ಷರತ್ತು.

ಇಷ್ಟಾದ ಮೇಲೆ ಕಾರು ನಿಲ್ಲುವುದು ನಿಂತಿತು, ಸೊರಗುವುದು ನಿಲ್ಲಲಿಲ್ಲ. ಅದಕ್ಕೆ ಜೆಟ್, ಅಂದರೆ ಕಾರ್ಬುರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ಸಣ್ಣ ರಂಧ್ರದ ಬಿಡಿಭಾಗ. ಎಥನಾಲ್ ಬೆರೆತ ಪೆಟ್ರೋಲಿಗೆ ಅದೇ ಗಾಳಿಗೆ ಹೆಚ್ಚು ಇಂಧನ ಬೇಕು. ಹಳೆಯ ಮೇನ್ ಜೆಟ್ ಅಷ್ಟನ್ನು ಬಿಡುವುದಿಲ್ಲ. ಏರಿನಲ್ಲಿ ಪೂರ್ತಿ ಎಳೆಯುತ್ತಿರುವಾಗಲೇ ಇಗ್ನಿಷನ್ ಕಟ್ ಮಾಡಿ, ಕ್ಲಚ್ ಒತ್ತಿ ಬದಿಗೆ ನಿಲ್ಲಿಸಿ ಸ್ಪಾರ್ಕ್ ಪ್ಲಗ್ ಬಿಚ್ಚಿದರೆ ಬಿಳಿಚಿಕೊಂಡಿತ್ತು, ಪೆಟ್ರೋಲ್ ಸಾಲುತ್ತಿಲ್ಲ ಎಂದರ್ಥ. (ತಿರುವಿನಲ್ಲಿ ಈ ಕೆಲಸ ಬೇಡ, ಬ್ರೇಕ್ ಬೂಸ್ಟರ್ ಕೈ ಕೊಡುತ್ತದೆ.) ದೊಡ್ಡ ಜೆಟ್ ಅಂಗಡಿಗಳಲ್ಲಿ ಸಿಗಲಿಲ್ಲ. ಡ್ರಿಲ್ ಬಿಟ್ಟಿನಲ್ಲಿ ದೊಡ್ಡದು ಮಾಡಲು ಹೊರಟು ಎರಡು ಹಳೆಯ ಜೆಟ್ ಕೆಟ್ಟವು, ರಂಧ್ರ ದುಂಡಗಾಗಿ ಬರುವುದೇ ಇಲ್ಲ. ಕೊನೆಗೆ ಕೆಲಸಕ್ಕೆ ಬಂದದ್ದು ಅಕ್ಕಸಾಲಿಗರ ಸಾಮಾನು ಮಾರುವ ಅಂಗಡಿಯ ಸೂಜಿಯಂಥ, ರಂಧ್ರ ಹಿಗ್ಗಿಸುವ ರೀಮರ್‌ಗಳು. ಐದರ ಒಂದು ಕಟ್ಟು ಇನ್ನೂರೈವತ್ತು ರೂಪಾಯಿ. ಕೈಯಲ್ಲೇ ತಿರುಗಿಸುತ್ತ, ಒಂದೊಂದು ಸುತ್ತಿಗೆ ಒಮ್ಮೆ ಘಾಟಿ ಹತ್ತಿ ಪ್ಲಗ್ ನೋಡುತ್ತ ಹೋದೆ. ಪ್ಲಗ್ ಮಾರಿ ಬಿಸ್ಕತ್ತಿನ ಬಣ್ಣಕ್ಕೆ ಬಂದಾಗ ನಿಲ್ಲಿಸಿದೆ. ಎಷ್ಟಕ್ಕೆ ನಿಲ್ಲಿಸಿದೆ ಎಂದು ಫೋನ್ ಮಾಡಿ ಕೇಳುವವರಿದ್ದಾರೆ, ಹೇಳುವುದಿಲ್ಲ. ವ್ಯಾಸದಲ್ಲಿ ಶೇಕಡಾ ಮೂರು ನಾಲ್ಕರೊಳಗೆ ಎಂಬಷ್ಟು ಸಾಕು. ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರನ್ನು ಯಾವ ಕಡೆ ಎಷ್ಟು ಸರಿಸಿದೆ ಎಂಬುದೂ ಹಾಗೆಯೇ ನನ್ನಲ್ಲಿರಲಿ, ಅದಕ್ಕೆ ಒಂದು ಮಳೆಗಾಲ ಪೂರ್ತಿ ಕೊಟ್ಟಿದ್ದೇನೆ.

ಐಡ್ಲಿಂಗ್ ಸ್ಕ್ರೂ ಸರಿಮಾಡಲು ಒಂದು ಸುಲಭ ಉಪಾಯ: ಎಮಿಷನ್ ಪರೀಕ್ಷೆಯ ಅಂಗಡಿ. ಜನ ಇಲ್ಲದ ಹೊತ್ತಿಗೆ ಹೋಗಿ, ಐವತ್ತು ರೂಪಾಯಿ ಹೆಚ್ಚು ಕೊಟ್ಟು, ಪರದೆ ನೋಡುತ್ತ ಸ್ಕ್ರೂ ತಿರುಗಿಸಿ. ನಮ್ಮ ಕಾಲದ ಗಾಡಿಗೆ ಹೊಗೆಯಲ್ಲಿ ಸಿಒ (ಕಾರ್ಬನ್ ಮಾನಾಕ್ಸೈಡ್) ಮಿತಿ ಶೇಕಡಾ 3. ನನ್ನದು ಒಂದೂವರೆಯ ಹತ್ತಿರ ನಿಂತಿದೆ. ರಿಂಗ್ ಹೋಗಿದೆ ಎಂದವರಿಗೆ ಆ ಚೀಟಿಯನ್ನು ಒಯ್ದು ತೋರಿಸಿದೆ, ಅವರು ಮಾತು ಬದಲಿಸಿ ಮಳೆಯ ಬಗ್ಗೆ ಮಾತಾಡಿದರು.

ರಬ್ಬರ್ ಸಾಮಾನು ಎಲ್ಲವನ್ನೂ ಬದಲಿಸಲೇಬೇಕು. ಹಳೆಯ ಪೈಪುಗಳನ್ನು ಬಗ್ಗಿಸಿದರೆ ಬಿರುಕು, ಆಕ್ಸಿಲರೇಟರ್ ಪಂಪಿನ ಡಯಾಫ್ರಾಮ್ ಉಬ್ಬಿ ಹಪ್ಪಳ. ಎಥನಾಲ್ ತಡೆಯುವ ವಿಟಾನ್ ರಬ್ಬರಿನ ಪೈಪ್ ದುಬಾರಿ, ಅಡಿಗೆ ಇನ್ನೂರೈವತ್ತರ ಮೇಲೆ. ಆದರೂ ಅದನ್ನೇ ಹಾಕಿದೆ. ಟ್ಯಾಂಕ್ ಇಳಿಸಿ ನೋಡಿದರೆ ತಳದಲ್ಲಿ ಕೆಂಪು ಕೆಸರು. ಎಥನಾಲ್ ನೀರನ್ನೂ ಹೀರುತ್ತದೆ, ಹಳೆಯ ಕೊಳೆಯನ್ನೂ ಸಡಿಲಿಸುತ್ತದೆ. ಒಳಗೆ ಒಂದು ಮಾರು ಸರಪಳಿ, ವಿನೆಗರ್ ಹಾಕಿ, ಇಬ್ಬರು ಹಿಡಿದು ಅಲ್ಲಾಡಿಸಿ ಅಲ್ಲಾಡಿಸಿ ತೊಳೆದೆವು. ಭಾವನೂ ಕೈ ಹಾಕಿದರು, ಮಾತು ಮಾತ್ರ ಗುಜರಿಯದೇ.

ಪೆಟ್ರೋಲಿನಿಂದ ಎಥನಾಲನ್ನೇ ತೆಗೆದುಬಿಟ್ಟರೆ ಹೇಗೆ ಎಂದು ಒಮ್ಮೆ ಹುಚ್ಚು ಹತ್ತಿತ್ತು. ಅಳತೆಯ ಗಾಜಿನ ಕೊಳವೆಯಲ್ಲಿ ನೂರು ಎಂಎಲ್ ಪೆಟ್ರೋಲಿಗೆ ಹತ್ತು ಎಂಎಲ್ ನೀರು ಹಾಕಿ ಕುಲುಕಿದರೆ ಕೆಳಗಿನ ಪದರ ಮೂವತ್ತರ ಹತ್ತಿರಕ್ಕೆ ಏರಿತು. ಎಥನಾಲ್ ಎಷ್ಟಿದೆ ಎಂದು ನೋಡಲು ಇದು ಒಳ್ಳೆಯ ದಾರಿ. ಹಾಗೆ ತೊಳೆದ ಐದು ಲೀಟರನ್ನು ಕಾರಿಗೆ ಹಾಕಿದೆ. ಏರಿನಲ್ಲಿ ಇಂಜಿನ್ ಕಟಕಟ ಬಡಿಯತೊಡಗಿತು. ಎಥನಾಲ್ ಹೋದರೆ ಆಕ್ಟೇನ್ (ಆ ಬಡಿತ ತಡೆಯುವ ಗುಣ) ಕೂಡ ಹೋಗುತ್ತದೆ. ಕೆಳಗೆ ಉಳಿದ ನೀರನ್ನು ಎಲ್ಲಿ ಚೆಲ್ಲುವುದು ಎಂಬುದು ಇನ್ನೊಂದು ತಲೆನೋವು. ಬಿಟ್ಟೆ. ಬಾನೆಟ್ಟಿನ ಹಿಂದಿನ ಕೀಲುಗಳ ಕೆಳಗೆ ವಾಷರ್ ಕೊಟ್ಟು ಬಿಸಿ ಗಾಳಿ ಹೊರಹೋಗಲು ಸಂದು ಮಾಡಿದ್ದೂ ಉಂಟು. ಬೇಸಿಗೆಯಲ್ಲಿ ಚೆನ್ನಾಗಿತ್ತು. ಆಗುಂಬೆಯ ಜುಲೈ ಮಳೆ ನೇರ ಡಿಸ್ಟ್ರಿಬ್ಯೂಟರಿಗೆ ಇಳಿಯಿತು. ವಾಷರ್ ತೆಗೆದು, ರೇಡಿಯೇಟರ್ ಫ್ಯಾನಿಗೆ ಕೈಯಲ್ಲಿ ಹಾಕುವ ಒಂದು ಸ್ವಿಚ್ ಕೊಟ್ಟೆ. ಚಹಾ ಕುಡಿಯುವಷ್ಟು ಹೊತ್ತು ಅದು ಓಡಿದರೆ ಸಾಕು.

ತುಕ್ಕಿನ ವಿಷಯದಲ್ಲಿ ಮಾತ್ರ ನನ್ನ ಪ್ರಯೋಗ ಗೆದ್ದಿದೆ. ಕಾಲಿಡುವ ಕಡೆಯ ತಗಡು ತೂತಾದಾಗ ವೆಲ್ಡಿಂಗ್ ಮಾಡಿಸಿ, ಅಡಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿದೆ, ನಮ್ಮ ಕಡೆ ದೋಣಿಗೆ, ಮರದ ತೊಲೆಗೆ ಬಳಿಯುವಂಥದ್ದು. ಕೈಗವಸು ಇಲ್ಲದೆ ಮುಟ್ಟಬೇಡಿ, ಚರ್ಮ ಸುಟ್ಟು ಗುಳ್ಳೆ ಏಳುತ್ತದೆ. ಎರಡು ವಾರ ಅಂಟಂಟು, ವಾಸನೆಗೆ ನಾಯಿಯೂ ಕಾರಿನ ಕೆಳಗೆ ಮಲಗಲಿಲ್ಲ. ಆಮೇಲೆ ಗಟ್ಟಿಯಾಗಿ ಕಪ್ಪು ಪದರ ಕೂತಿತು. ಎರಡು ಮಳೆಗಾಲ ಕಳೆದಿವೆ, ಸುತ್ತಿಗೆಯಲ್ಲಿ ತಟ್ಟಿದರೆ ಠಣ್ ಎನ್ನುತ್ತದೆ.

ಖರ್ಚು ನೆನಪಿನಿಂದ ಹೇಳುತ್ತೇನೆ: ಪಂಪ್‌ಗಳು ಎರಡು ಸಾವಿರ, ವಿಟಾನ್ ಪೈಪ್ ಮತ್ತು ಕ್ಲಿಪ್ಪು ಎರಡೂವರೆ, ಕಾರ್ಬುರೇಟರ್ ಕಿಟ್ ಎಂಟುನೂರು, ಲೇತ್, ರಿಲೇ, ವೈರು, ರೀಮರ್ ಎಲ್ಲ ಸೇರಿ ಸಾವಿರದ ಐನೂರು. ಏಳು ಸಾವಿರ ದಾಟಿರಲಾರದು. ದಂಡವಾದ ನಕಲಿ ಕಾರ್ಬುರೇಟರಿನ ಲೆಕ್ಕ ಬೇರೆ. ಮೈಲೇಜ್ ಹಳೆಯ ಪೆಟ್ರೋಲಿನಲ್ಲಿ ಹದಿನೇಳು ಹದಿನೆಂಟು ಇತ್ತು, ತೊಂದರೆಯ ಕಾಲದಲ್ಲಿ ಹದಿನಾಲ್ಕಕ್ಕೆ ಇಳಿದಿತ್ತು, ಈಗ ಹದಿನಾರರ ಹತ್ತಿರ. ಎಥನಾಲಿನಲ್ಲಿ ಶಕ್ತಿಯೇ ಕಡಿಮೆ, ಹದಿನೆಂಟು ಇನ್ನು ಬರುವುದಿಲ್ಲ; ಬರುತ್ತದೆ ಎನ್ನುವವರನ್ನು ನಂಬಬೇಡಿ.

ಇನ್ನು ಎರಡು ಕೆಲಸ ಉಳಿದಿವೆ. 2027ಕ್ಕೆ ನೋಂದಣಿ ನವೀಕರಣ. ಹಿಂದಿನ ಸಲ ಐದು ಸಾವಿರ ಕಟ್ಟಿದ್ದೆ. ಇಪ್ಪತ್ತು ವರ್ಷ ದಾಟಿದ ಕಾರಿಗೆ 2025ರಿಂದ ಶುಲ್ಕ ಹತ್ತು ಸಾವಿರ. ಅಂದರೆ ಮೇಲಿನ ಎಲ್ಲ ಕೆಲಸಕ್ಕೆ ಆದದ್ದಕ್ಕಿಂತ ಹೆಚ್ಚು. ಎರಡನೆಯದು ಬ್ರೇಕ್. ಹತ್ತುವ ಚಿಂತೆ ಹೋದ ಮೇಲೆ ಇಳಿಯುವಾಗ ಪೆಡಲ್ ಮೆದುವಾಗುವುದು ಈಗ ಗಮನಕ್ಕೆ ಬರುತ್ತಿದೆ. ಬ್ರೇಕ್ ಆಯಿಲ್ ಬದಲಿಸಿ, ಹಿಂದಿನ ಚಕ್ರಗಳ ಬ್ರೇಕ್ ಒತ್ತುವ ವೀಲ್ ಸಿಲಿಂಡರ್‌ಗಳನ್ನು ಬಿಚ್ಚಿಟ್ಟಿದ್ದೇನೆ. ಸಾಮಾನು ಉಡುಪಿಯಿಂದ ಬರಬೇಕು, ಅಲ್ಲಿಯವರೆಗೆ ತೀರ್ಥಹಳ್ಳಿಗೆ ಬಸ್ಸೇ.