ಹದಿಮೂರು ಶನಿವಾರ, ಹದಿಮೂರು ಸ್ಟಾರ್ ಟ್ರೆಕ್ ಸಿನಿಮಾ

ಈ ಮಳೆಗಾಲದಲ್ಲಿ ಬಾಹ್ಯಾಕಾಶ ಸಾಹಸದ ಸ್ಟಾರ್ ಟ್ರೆಕ್ ಸಿನಿಮಾಗಳನ್ನೆಲ್ಲ ಮತ್ತೆ ನೋಡಿ ಮುಗಿಸಿದೆ. ವಾರಕ್ಕೊಂದು, ಶನಿವಾರ ರಾತ್ರಿ ಊಟ ಆದಮೇಲೆ. 1979ರ ‘ದಿ ಮೋಷನ್ ಪಿಕ್ಚರ್’ನಿಂದ 2016ರ ‘ಬಿಯಾಂಡ್’ವರೆಗೆ, ತೆರೆಗೆ ಬಂದ ಕ್ರಮದಲ್ಲೇ.

ಅಂಕ ಕೊಡುವುದಕ್ಕೆ ಒಂದು ಪದ್ಧತಿ ಇಟ್ಟುಕೊಂಡಿದ್ದೆ. ಸಿನಿಮಾ ಮುಗಿದ ತಕ್ಷಣ ಹತ್ತಕ್ಕೆ ಇಷ್ಟು ಅಂತ ನೋಟ್‌ಬುಕ್ಕಿನಲ್ಲಿ ಪೆನ್ಸಿಲ್‌ನಿಂದ ಬರೆದು, ಮೇಲೆ ಒಂದು ಚೀಟಿ ಅಂಟಿಸುತ್ತಿದ್ದೆ. ಮುಂದಿನ ಶನಿವಾರ ಚೀಟಿ ಎತ್ತುವ ಮೊದಲೇ ಪೆನ್ನಿನಲ್ಲಿ ಇನ್ನೊಂದು ಅಂಕ. ಆಮೇಲೆ ಎರಡನ್ನೂ ಪಕ್ಕಪಕ್ಕ ನೋಡುವುದು. ರಾತ್ರಿ ಹತ್ತೂವರೆಗೆ ಹಿಡಿಸಿದ್ದು ವಾರ ಕಳೆದರೂ ತಲೆಯಲ್ಲಿ ಉಳಿದಿದೆಯಾ ಅಂತ ನನಗೆ ತಿಳಿಯಬೇಕಿತ್ತು.

ಮೊದಲನೇ ಸಿನಿಮಾದಲ್ಲೇ ಈ ಪದ್ಧತಿ ಕೆಲಸಕ್ಕೆ ಬಂತು. ಕಾಲೇಜಿನಲ್ಲಿದ್ದಾಗ ಇದನ್ನು ಓಡಿಸಿ ಓಡಿಸಿ ನೋಡಿದ್ದೆ. ತುಂಬಾ ನಿಧಾನ ಅನ್ನಿಸಿತ್ತು. ಈ ಸಲವೂ ಆ ರಾತ್ರಿ 6 ಕೊಟ್ಟೆ. ಆದರೆ ವಾರವಿಡೀ ಒಂದೇ ದೃಶ್ಯ ಕಣ್ಣ ಮುಂದೆ ಬರುತ್ತಿತ್ತು. ನಾಯಕ ಕರ್ಕ್ ತನ್ನ ಎಂಟರ್‌ಪ್ರೈಸ್ ಬಾಹ್ಯಾಕಾಶ ಹಡಗನ್ನು ಎಷ್ಟೋ ಕಾಲದ ಮೇಲೆ ನೋಡುತ್ತಾನೆ. ಹಡಗಿನ ಎಂಜಿನಿಯರ್ ಸ್ಕಾಟಿ ಅವನನ್ನು ಪುಟ್ಟ ವಾಹನವೊಂದರಲ್ಲಿ ಹಡಗಿನ ಸುತ್ತ ಕರೆದುಕೊಂಡು ಹೋಗುತ್ತಾನೆ. ಮಾತು ಇಲ್ಲವೆಂದರೂ ಸರಿ. ಜೆರಿ ಗೋಲ್ಡ್‌ಸ್ಮಿತ್ ಅವರ ಸಂಗೀತ ಮಾತ್ರ. ಕಟ್ಟಿದ ಸಾರುವೆಯ ಸಂದಿಯಿಂದ ಹಡಗು ಸ್ವಲ್ಪ ಸ್ವಲ್ಪವೇ ಕಾಣಿಸುತ್ತದೆ, ಜಾತ್ರೆಯ ಮುಂಚೆ ಅರ್ಧ ಸಿಂಗರಿಸಿದ ತೇರು ಕಂಡ ಹಾಗೆ. ಕರ್ಕ್‌ನ ಮುಖ ನೋಡಬೇಕು ಆಗ. ಪೆನ್ನಿನ ಅಂಕ 8. ಇಲಿಯಾ ಪಾತ್ರಕ್ಕಾಗಿ ತಲೆ ಬೋಳಿಸಿಕೊಂಡ ನಟಿ ಮುಂಬೈನ ಪರ್ಸಿಸ್ ಖಂಬಾಟಾ, 1965ರ ಮಿಸ್ ಇಂಡಿಯಾ. ಕಾಲೇಜಿನಲ್ಲಿ ಅದೂ ಗೊತ್ತಿರಲಿಲ್ಲ.

1982ರ ‘ದಿ ರಾತ್ ಆಫ್ ಖಾನ್’ಗೆ ರಾತ್ರಿಯೂ 9, ವಾರದ ಮೇಲೂ 9. ಮೊದಲನೆಯದಕ್ಕಿಂತ ಎಷ್ಟೋ ಕಡಿಮೆ ದುಡ್ಡಿನಲ್ಲಿ ತೆಗೆದ ಚಿತ್ರ ಇದು. ಗಮನಿಸಿ, ಕರ್ಕ್ ಮತ್ತು ಅವನ ಮೇಲೆ ಸೇಡಿಗೆ ಬಂದ ಖಾನ್ ಇಡೀ ಸಿನಿಮಾದಲ್ಲಿ ಒಮ್ಮೆಯೂ ಎದುರುಬದುರು ನಿಲ್ಲುವುದಿಲ್ಲ. ಜಗಳವೆಲ್ಲ ಪರದೆಯ ಮೇಲೆ, ಇಲ್ಲವೇ ದನಿಯಲ್ಲಿ. ಆದರೂ ದ್ವೇಷ ಮೈಗೆ ತಾಗುತ್ತದೆ. ಇನ್ನು ಕೊನೆ. ಗಾಜಿನ ಆಚೆ ಕರ್ಕ್‌ನ ಆಪ್ತ ಗೆಳೆಯ ಸ್ಪಾಕ್ ಕೂತಿದ್ದಾನೆ, ವಿಕಿರಣಕ್ಕೆ ಸಿಕ್ಕಿ ಮೈಯೆಲ್ಲ ಸುಟ್ಟಿದೆ. ಕರ್ಕ್ ಕರೆದಾಗ ಏಳುತ್ತಾನೆ. ಎದ್ದವನು ಮೊದಲು ತನ್ನ ಕೋಟನ್ನು ಎಳೆದು ನೇರ ಮಾಡಿಕೊಳ್ಳುತ್ತಾನೆ. ನಡೆದು ಬಂದು ಗಾಜಿಗೆ ಡಿಕ್ಕಿ ಹೊಡೆಯುತ್ತಾನೆ. ಕಣ್ಣು ಹೋಗಿದೆ ಅಂತ ನಮಗೆ ಗೊತ್ತಾಗುವುದೇ ಆಗ. ಆ ಕೋಟು ಎಳೆದುಕೊಳ್ಳುವುದನ್ನು ಮೂರು ಸಲ ಹಿಂದೆ ಹಾಕಿ ನೋಡಿದೆ. ಸಾಯುವಾಗಲೂ ಶಿಸ್ತು ಬಿಡದ ಮನುಷ್ಯ.

ಅದಕ್ಕೇ 2013ರ ‘ಇನ್‌ಟು ಡಾರ್ಕ್‌ನೆಸ್’ ಮೇಲೆ ನನಗೆ ಬೇಜಾರು. ಅದೇ ಗಾಜು, ಜಾಗ ಮಾತ್ರ ಅದಲುಬದಲು. ಒಳಗೆ ಕರ್ಕ್, ಹೊರಗೆ ಸ್ಪಾಕ್, ಇಬ್ಬರೂ ಹೊಸ ನಟರು. ಸ್ವಲ್ಪ ಹೊತ್ತಿಗೆ ಖಾನ್‌ನ ರಕ್ತದಿಂದ ಕರ್ಕ್‌ಗೆ ಜೀವ ಬಂದೇಬಿಡುತ್ತದೆ. ಹಳೇ ಸ್ಪಾಕ್ ತಿರುಗಿ ಬರುವುದಕ್ಕೆ ಪೂರ್ತಿ ಇನ್ನೊಂದು ಸಿನಿಮಾ ಬೇಕಾಗಿತ್ತಲ್ವಾ? ರಾತ್ರಿ 7 ಇದ್ದದ್ದು ವಾರಕ್ಕೆ 5 ಆಯಿತು.

ಸಮಸಂಖ್ಯೆಯ ಸಿನಿಮಾ ಚೆನ್ನ, ಬೆಸಸಂಖ್ಯೆಯದು ಕೆಟ್ಟದ್ದು ಅಂತ ಅಭಿಮಾನಿಗಳಲ್ಲಿ ಒಂದು ಹಳೇ ಮಾತಿದೆ. ನನ್ನ ನೋಟ್‌ಬುಕ್ಕಿನಲ್ಲಿ ಅದು ನಿಲ್ಲಲಿಲ್ಲ. ಒಂದನೆಯದಕ್ಕೆ 8 ಬಂತು. ಹತ್ತನೆಯ ‘ನೆಮೆಸಿಸ್’ಗೆ 4. ಐದನೆಯದು ಮಾತ್ರ ಆ ಮಾತಿಗೆ ತಕ್ಕ ಹಾಗೇ ಇದೆ. ಬೆಂಕಿ ಸುತ್ತ ಕೂತು ಮೂವರು ಗೆಳೆಯರು ಹಾಡುವುದೊಂದು ಬಿಟ್ಟರೆ ಬೇರೇನೂ ಉಳಿಯಲಿಲ್ಲ.

ಆರನೆಯದು, ‘ದಿ ಅನ್‌ಡಿಸ್ಕವರ್ಡ್ ಕಂಟ್ರಿ’, ರಾತ್ರಿ 7, ವಾರಕ್ಕೆ 8. ಕ್ಲಿಂಗಾನ್ ಎಂಬ ಶತ್ರು ಜನಾಂಗದ ಚಂದ್ರವೊಂದು ಸ್ಫೋಟವಾಗುತ್ತದೆ, ಹಳೇ ಶತ್ರುಗಳು ಸಂಧಾನಕ್ಕೆ ಕೂರಬೇಕಾಗುತ್ತದೆ. ಚರ್ನೋಬಿಲ್ ಅಣುಸ್ಥಾವರದ ದುರಂತ ನೆನಪಾಗದೆ ಇರುವುದಿಲ್ಲ. ಚಿತ್ರ ಬಂದದ್ದು 1991ರ ಡಿಸೆಂಬರಿನಲ್ಲಿ, ಸೋವಿಯತ್ ಒಕ್ಕೂಟ ಕೊನೆಯಾದ ತಿಂಗಳು. ಕಡೆಗೆ ಹಳೇ ತಂಡದ ಏಳೂ ನಟರ ಸಹಿ ತೆರೆಯ ಮೇಲೆ ಒಂದೊಂದಾಗಿ ಮೂಡುತ್ತದೆ. ಗಂಟಲು ಕಟ್ಟಿತು.

ನಾಲ್ಕನೆಯ ‘ದಿ ವಾಯೇಜ್ ಹೋಮ್’ ಹೊತ್ತಿಗೆ ಮಗಳೂ ಬಂದು ಪಕ್ಕ ಕೂತಿದ್ದಳು. ತಿಮಿಂಗಿಲಗಳನ್ನು ಹುಡುಕಿಕೊಂಡು ತಂಡ ಕಾಲದಲ್ಲಿ ಹಿಂದಕ್ಕೆ, 1986ರ ಸ್ಯಾನ್ ಫ್ರಾನ್ಸಿಸ್ಕೋಗೆ ಬರುತ್ತದೆ. ಮುಕ್ಕಾಲು ಸಿನಿಮಾ ಆದಮೇಲೆ ಮಗಳು ಕೇಳಿದಳು, “ಅಪ್ಪಾ, ಇದರಲ್ಲಿ ವಿಲನ್ನೇ ಇಲ್ವಲ್ಲ?” ನಾನು ಇಷ್ಟು ವರ್ಷ ನೋಡಿದ್ದರೂ ಅದನ್ನು ಗಮನಿಸಿರಲಿಲ್ಲ. ಎರಡೂ ಸಲ 8.

‘ಬಿಯಾಂಡ್’ನಲ್ಲಿ ಕಿರಿಯ ಸ್ಪಾಕ್ ಒಂದು ಪೆಟ್ಟಿಗೆ ತೆರೆಯುತ್ತಾನೆ. ಒಳಗೆ ಹಳೇ ತಂಡದವರೆಲ್ಲ ಒಟ್ಟಿಗೆ ನಿಂತ ಫೋಟೋ. ಹಳೇ ಸ್ಪಾಕ್ ಆಗಿದ್ದ ಲಿಯೊನಾರ್ಡ್ ನಿಮೋಯ್ ಹಿಂದಿನ ವರ್ಷ, 2015ರಲ್ಲಿ ತೀರಿಕೊಂಡಿದ್ದರು. ಹನ್ನೆರಡು ವಾರ ಈ ಸಿನಿಮಾಗಳ ಜೊತೆಗೇ ಕಳೆದು ಆ ಫೋಟೋ ನೋಡುವುದೇ ಬೇರೆ. ರಾತ್ರಿ 7.

ವಾರದ ಮೇಲೆ ಅದಕ್ಕೆ 8 ಬರೆದೆ. ಮಗಳು ನೋಟ್‌ಬುಕ್ ಎಳೆದುಕೊಂಡು, ಪುಟ ಹಿಂದಕ್ಕೆ ತಿರುವಿ, ತಿಮಿಂಗಿಲದ ಸಿನಿಮಾದ ಎದುರು ತನ್ನದೂ ಒಂದು ಅಂಕ ಹಾಕಿದಳು. 10.