ಯು ಇಲ್ಲದ ಕ್ಯೂ: ವಿಜಯಪುರದಲ್ಲಿ ನಾನು ಕಲಿಸುವ ಬಗೆ

ಅಕ್ಷರದ ಬಿಲ್ಲೆ ಜೋಡಿಸಿ ಇಂಗ್ಲಿಷ್ ಪದ ಕಟ್ಟುವ ಸ್ಕ್ರ್ಯಾಬಲ್ ಆಟದ 100 ಬಿಲ್ಲೆಗಳಲ್ಲಿ ಕ್ಯೂ ಇರುವುದು ಒಂದೇ, ಅದಕ್ಕೆ 10 ಅಂಕ. ಯು ನಾಲ್ಕು, ಯಾವ ಅಕ್ಷರಕ್ಕೂ ನಿಲ್ಲುವ ಖಾಲಿ ಬಿಲ್ಲೆ ಎರಡು. ಕ್ಯೂ ಕೈಗೆ ಬಂತೆಂದರೆ ಹುಡುಗರು ಯು ಬರಲಿ ಎಂದು ಕಾಯುತ್ತ ಕೂಡುತ್ತಾರೆ. ಅಲ್ಲಿಯವರೆಗೆ ಎದುರಿನವನು ಏಳು ಬಿಲ್ಲೆಯಲ್ಲಿ ಆಡಿದರೆ ಇವರದು ಆರರಲ್ಲೇ. ಈ ಕಾಯುವ ಚಟ ಬಿಡಿಸಲು ಕ್ಯೂ ಬೆನ್ನಿಗೇ ಯು ಬೇಡದ ಪದಗಳನ್ನು ಕಲಿಸುತ್ತೇನೆ. ಅಕಾರಾದಿಯಾಗಿ ಪಟ್ಟಿ ಕೊಟ್ಟು ಬಾಯಿಪಾಠ ಮಾಡಿಸಿದರೆ ನಿಲ್ಲುವುದಿಲ್ಲ. ನಮ್ಮ ಊರಲ್ಲಿ ಅದರ ಅಗತ್ಯವೂ ಇಲ್ಲ. ಅರ್ಧ ಪಟ್ಟಿ ಓಣಿಯಲ್ಲೇ ಸಿಗುತ್ತದೆ.

ಫಕೀರ, ಬುರ್ಖಾ, ನಿಖಾಬ್, ತಲಾಖ್, ವಕ್ಫ್, ಕವ್ವಾಲಿ, ಇಂಕಿಲಾಬ್, ನಮಾಜಿನ ದಿಕ್ಕಾದ ಕಿಬ್ಲಾ: ಇಷ್ಟೂ, ಆಟದಲ್ಲಿ ಸಲ್ಲುವ ಪದಗಳ ಕಾಲಿನ್ಸ್ ಪಟ್ಟಿಯಲ್ಲಿ ಯು ಹಿಂಬಾಲಿಸದ ಕ್ಯೂ ಇಟ್ಟುಕೊಂಡು ಕೂತಿವೆ. ಭಾರತದ ಪಂದ್ಯಗಳಲ್ಲಿ ನಡೆಯುವುದು ಈ ಪಟ್ಟಿಯೇ. ಅಮೆರಿಕದ ಪಟ್ಟಿ ಬೇರೆ, ಅಲ್ಲಿ ಇವೆಲ್ಲ ಸಲ್ಲುತ್ತವೆ ಎಂದುಕೊಳ್ಳಬಾರದು. ಕಾರಣವನ್ನು ಮಕ್ಕಳಿಗೆ ಮೊದಲೇ ಹೇಳಿಬಿಡುತ್ತೇನೆ. ಅರಬ್ಬಿಯಲ್ಲಿ ಗಂಟಲಿನ ಆಳದಿಂದ ಬರುವ ಕಕಾರಕ್ಕೆ ಬೇರೆ ಅಕ್ಷರವಿದೆ. ಇಂಗ್ಲಿಷ್ ಲಿಪಿಗೆ ಇಳಿಸುವಾಗ ಅದಕ್ಕೆ ಕ್ಯೂ ಹಾಕುತ್ತಾರೆ. ಕ್ಯೂ ಜೊತೆಗೆ ಯು ಬರುವುದು ಲ್ಯಾಟಿನ್ನಿನಿಂದ ಬಂದ ಪದ್ಧತಿ. ಹಳೆ ಇಂಗ್ಲಿಷಿನಲ್ಲಿ ಕ್ವೀನ್ ಪದವನ್ನೇ ಸಿ-ಡಬ್ಲ್ಯೂ ಹಾಕಿ ಬರೆಯುತ್ತಿದ್ದರು. 1066ರಲ್ಲಿ ನಾರ್ಮನ್ನರು ಬಂದ ಮೇಲೆ ಅದು ಕ್ಯೂ-ಯು ಆಯಿತು.

ಇಲ್ಲೇ ಎಡವಟ್ಟು ಆಗುವುದು. ನಾವು ಖ ಎಂದು ಉಚ್ಚರಿಸುತ್ತೇವಲ್ಲ, ಹುಡುಗರು ಕೆ-ಎಚ್ ಬರೆಯುತ್ತಾರೆ. ಬುರ್ಖಾಕ್ಕೆ ಅದೂ ಸಲ್ಲುತ್ತದೆ, ತಲಾಖ್‌ಗೆ ಸಲ್ಲುವುದಿಲ್ಲ. ನಾವು ಖಾಜಿ ಎನ್ನುವ ನ್ಯಾಯಾಧೀಶನನ್ನು ನಾನು ಕ್ಯೂ-ಎ-ಡಿ-ಐ ಎಂದೇ ಕಲಿಸುತ್ತೇನೆ. ಇಲ್ಲಿ ಡಿ ಜಾಗದಲ್ಲಿರುವ ಅರಬ್ಬಿ ಅಕ್ಷರ ಉರ್ದುವಿನಲ್ಲಿ ಝಕಾರವಾಗಿ ನಮಗೆ ಬಂದಿದೆ, ಅಷ್ಟೇ. ಡಿ ಬಿಲ್ಲೆ ನಾಲ್ಕಿವೆ, ಝಡ್ ಒಂದೇ. ಆಟಕ್ಕೂ ಡಿ ರೂಪವೇ ಅನುಕೂಲ. ಅದೇ ನಾಲ್ಕು ಬಿಲ್ಲೆ ತಿರುವಿಟ್ಟರೆ ಕ್ಯೂ-ಎ-ಐ-ಡಿ: ಮುಖಂಡ, ಖಾಯಿದ್. ಯಾವುದನ್ನು ಇಟ್ಟರೂ 14 ಅಂಕ. ಅಕ್ಕಪಕ್ಕದ ಪದಕ್ಕೆ ಹೊಂದುವುದನ್ನು ಆರಿಸಿಕೊಳ್ಳಬಹುದು.

ಕ್ಯೂ-ಎ-ಎನ್-ಎ-ಟಿ, ಖನಾತ್, ಕೇಳಿದವರು ಕಡಿಮೆ. ಆದರೆ ತೊರವಿಯ ಸುರಂಗ ಬಾವಡಿ ಗೊತ್ತಿಲ್ಲದವರಿಲ್ಲ. ನೆಲದೊಳಗೆ ಸಣ್ಣ ಇಳಿಜಾರಿನಲ್ಲಿ ಸುರಂಗ ಕೊರೆದು, ಅಲ್ಲಲ್ಲಿ ಮೇಲಿನಿಂದ ಬಾವಿಯಂಥ ಕಿಂಡಿ ತೆಗೆದು, ನೀರನ್ನು ತಾನಾಗಿ ಊರಿಗೆ ಹರಿಸುವ ಇರಾನಿ ಏರ್ಪಾಡು ಅದು. ಆದಿಲ್‌ಶಾಹಿ ಕಾಲದಲ್ಲಿ ತೊರವಿ ಕಡೆಯಿಂದ ಶಹರಕ್ಕೆ ನೀರು ಬಂದದ್ದು ಹೀಗೆಯೇ. ನಾವು ಕಾರೇಜ್ ಎನ್ನುವುದಕ್ಕೆ ಇದು ಇನ್ನೊಂದು ಹೆಸರು. ಇದರ ಎನ್ ತೆಗೆದು ಎಲ್ ಹಾಕಿ ಕಲಸಿದರೆ ತಲಾಖ್. ಇಂಥ ಜೋಡಿಗಳನ್ನು ಒಟ್ಟಿಗೇ ಕಲಿಸಿದರೆ ಎರಡೂ ಉಳಿಯುತ್ತವೆ.

ಹಳೆ ಲಗ್ನಪತ್ರಿಕೆ ಕತ್ತರಿಸಿ ಚೀಟಿ ಮಾಡಿಸುತ್ತೇನೆ. ಮುಂದೆ ಪದವಲ್ಲ, ಅಕ್ಷರಗಳು ಮಾತ್ರ, ಎ-ಬಿ-ಸಿ ಕ್ರಮದಲ್ಲಿ: ಎ, ಎಫ್, ಐ, ಕ್ಯೂ, ಆರ್. ಹಿಂದೆ ಫಕೀರ, ಕನ್ನಡದಲ್ಲಿ ಅರ್ಥ, ಕೊನೆಗೆ ಎಸ್ ಹತ್ತುತ್ತದೆಯೇ ಎಂಬುದು. ಕೈಯಲ್ಲಿ ಬಿಲ್ಲೆ ಬರುವುದೇ ಕಲಸಿಕೊಂಡು. ಪದ ನೋಡಿ ಅರ್ಥ ಹೇಳುವ ಅಭ್ಯಾಸ ಅಲ್ಲಿ ಉಪಯೋಗಕ್ಕೆ ಬಾರದು. ಕವ್ವಾಲ್ ಎಂದು ಯಾರೋ ಇಟ್ಟಿದ್ದರೆ ಒಂದು ಐ ಅಂಟಿಸಿ ಕವ್ವಾಲಿ ಮಾಡಬಹುದು ಎಂಬುದೂ ಚೀಟಿಯಲ್ಲಿರಬೇಕು. ಇಂಕಿಲಾಬ್ ಸರಿಯಾಗಿ ಏಳು ಅಕ್ಷರ: ಬಿಲ್ಲೆಗಳ 18, ಏಳೂ ಒಮ್ಮೆಗೇ ಇಳಿಸಿದ್ದಕ್ಕೆ 50, ಬೋರ್ಡಿನಲ್ಲಿ ಅಂಕ ಹೆಚ್ಚಿಸುವ ಬಣ್ಣದ ಚೌಕ ಲೆಕ್ಕಿಸದೆಯೇ 68.

ಊರಿನ ಪದ ಮುಗಿದ ಮೇಲೆ ಪರಊರಿನವು. ಕ್ಯೂ-ಐ, ಉಚ್ಚಾರ ಚೀ, ಚೀನಿಯರು ಹೇಳುವ ಪ್ರಾಣಶಕ್ತಿ. ಕ್ಯೂ-ಎ-ಟಿ, ಯೆಮನ್ ಕಡೆ ಜಗಿಯುವ ಎಲೆ. ಕ್ಯೂ-ಒ-ಪಿ-ಎಚ್, ಹೀಬ್ರೂ ಅಕ್ಷರ; ನಮ್ಮ ಕ್ಯೂ ಇದರ ವಂಶದ್ದೇ. ಎಸ್-ಯು-ಕ್ಯೂ, ಅರಬರ ಸಂತೆ. ಯು ಮುಂಚೆಯೇ ಬಂದು ಹೋಗಿದೆ. ಅಲ್ಬೇನಿಯಾದ, ಅಜೆರ್ಬೈಜಾನಿನ ಚಿಲ್ಲರೆ ನಾಣ್ಯಗಳ ಹೆಸರೆಲ್ಲ ಆಮೇಲೆ ನೋಡಿಕೊಂಡರಾಯಿತು.

ಇವುಗಳಲ್ಲಿ ಒಂದೇ ಕಲಿಯುವುದಿದ್ದರೆ ಕ್ಯೂ-ಐ. ಬೋರ್ಡಿನ ಮೇಲೆ ಒಂದು ಐ, ಕೈಯಲ್ಲಿ ಇನ್ನೊಂದು, ಬೋರ್ಡಿನ ಐಗೆ ಎಡಕ್ಕೋ ಮೇಲಕ್ಕೋ ಅಕ್ಷರಕ್ಕೆ ಮೂರುಪಟ್ಟಿನ ಚೌಕ ಖಾಲಿ ಇದ್ದರೆ ಕ್ಯೂ ಅಲ್ಲಿಡಬೇಕು. ಅಡ್ಡ 31, ಉದ್ದ 31, ಒಟ್ಟು 62.

‘ಸರ್, ಇರಾಕ್ ಯಾಕ ನಡ್ಯಂಗಿಲ್ರಿ?’ ಎಂದು ಪ್ರತಿ ತಂಡದಲ್ಲೂ ಒಬ್ಬರು ಕೇಳುತ್ತಾರೆ. ಅಂಕಿತನಾಮ, ಅದಕ್ಕೆ. ಕತಾರ್ ಕೂಡ ಹಾಗೆಯೇ.

ಇಷ್ಟಾದರೂ ಜಾಗ ಸಿಗದಿದ್ದರೆ ಬೋರ್ಡಿನ ಮೇಲಿನ ಯು ಮತ್ತು ಖಾಲಿ ಬಿಲ್ಲೆ ಎಣಿಸಿ. ಬಹುಪಾಲು ಆಗಿಹೋಗಿದ್ದರೆ ಕಾಯದೆ ಕ್ಯೂ ಬದಲಾಯಿಸಿ. ಚೀಲದಲ್ಲಿ ಏಳಾದರೂ ಬಿಲ್ಲೆ ಇರುವಾಗಲೇ ಬದಲಾಯಿಸಬೇಕು, ಆಮೇಲೆ ನಿಯಮ ಬಿಡುವುದಿಲ್ಲ. ಆಟ ಮುಗಿಸಿದವನ ಎದುರು ಕ್ಯೂ ಕೈಯಲ್ಲುಳಿದರೆ ನಿಮ್ಮ 10 ಕಳೆದು ಅವನಿಗೆ 10 ಕೂಡುತ್ತಾರೆ.