ಸಜ್ಜಾದಡಿಯ ಗೂಡಿಗೆ ಹೊಗೆ ಹಾಕುವ ಮುನ್ನ

ಸಜ್ಜಾದಡಿ ಗೂಡು ಕಂಡೊಡನೆ ಹೊಗೆ ಹಾಕಲು ಹೊರಡದೆ, ಅದು ಯಾವ ಹುಳುವಿನದೆಂದು ದೂರದಿಂದಲೇ ಗುರುತಿಸಿಕೊಳ್ಳುವುದು ಒಳ್ಳೆಯದು. ತೆರೆದ ಜಾಗದಲ್ಲಿ ಒಂದೇ ದೊಡ್ಡ ಎರಿ (ಜೇನುಹುಳುಗಳು ಕಟ್ಟುವ ಮೇಣದ ತಟ್ಟೆ) ಜೋತುಬಿದ್ದು, ಅದರ ಮೇಲೆ ಹುಳುಗಳು ಆಗಾಗ ಅಲೆಯೆದ್ದಂತೆ ಹೊಟ್ಟೆ ಎತ್ತಿ ಮಿನುಗುತ್ತಿದ್ದರೆ ಅದು ಹೆಜ್ಜೇನು. ಕೆಣಕಿದರೆ ಗುಂಪಾಗಿ ಬಹುದೂರ ಅಟ್ಟಿಸಿಕೊಂಡು ಬರುವ ಇದರ ತಂಟೆಗೆ ನಾವು ಹೋಗದೆ ಅನುಭವಿಗಳನ್ನೇ ಕರೆಸಬೇಕು. ಮೀಟರ್ ಪೆಟ್ಟಿಗೆಯೊಳಗೆ ಸೇರಿಕೊಂಡ ತುಡುವೆ ಜೇನನ್ನಾದರೆ ಜೇನು ಸಾಕುವವರು ಎರಿಗಳ ಸಮೇತ ತುಂಬಿಕೊಂಡು ಹೋಗುತ್ತಾರೆ. ಗೋಡೆಯ ಮೂಲೆಯಲ್ಲಿ ಮಣ್ಣಿನ ಗೂಡು ಕಟ್ಟುವ ಒಂಟಿ ಕಣಜ ಕುಟುಕುವುದು ಅಪರೂಪ (ನಮ್ಮ ಕಿಟಕಿಯಲ್ಲಿ ಎರಡು ಗೂಡುಗಳಿವೆ, ಇರಲಿ ಎಂದು ಬಿಟ್ಟಿದ್ದೇನೆ). ಜೇನು ಕುಟುಕಿದರೆ ಚರ್ಮದಲ್ಲುಳಿದ ಮುಳ್ಳನ್ನು ಉಗುರಿನಿಂದ ಕೂಡಲೇ ಕೆರೆದು ತೆಗೆದು, ತಣ್ಣೀರಿನ ಬಟ್ಟೆ ಒತ್ತಬೇಕು. ನಾಲಿಗೆ ಊದಿಕೊಂಡರೆ ಅಥವಾ ಉಸಿರಾಟ ಕಷ್ಟವಾದರೆ ತಡಮಾಡದೆ 108ಕ್ಕೆ ಕರೆ ಮಾಡಬೇಕು.